ಬೀರಪ್ಪನ ಕಟ್ಟೆಗೆ ತಪ್ಪು ಸುತ್ತು

ರಸ್ತೆಯ ಯಾವ ಬದಿಯಲ್ಲಿ ಹೋಗಬೇಕು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವನು ಇಡೀ ಹುನಗುಂದ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ, ಸತ್ಯ. ಬಾಗಲಕೋಟೆಯಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿದವನು ನಾನು. ಇಂಗ್ಲಿಷರು ಎಡಕ್ಕೆ ಏಕೆ ಹೋಗುತ್ತಾರೆ, ಫ್ರೆಂಚರೂ ಅಮೆರಿಕದವರೂ ಬಲಕ್ಕೆ ಏಕೆ ಹೋಗುತ್ತಾರೆ ಎಂಬುದರ ಮೇಲೆ ಊಟ ಬಡಿಸಿದ್ದನ್ನೂ ಮರೆತು ಒಂದು ತಾಸು ಮಾತನಾಡಬಲ್ಲೆ. ವಾಹನ ಓಡಿಸಲು ಬರುತ್ತಿತ್ತೇ ಎಂದು ಕೇಳಬೇಡಿ. ನನಗೆ ಸೈಕಲ್ಲೂ ಬರುತ್ತಿರಲಿಲ್ಲ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಹೆಂಡತಿ ಶಾಂತಾಳ ತಂಗಿ ಮಹಾದೇವಿಯ ಮದುವೆ, ಕಮತಗಿಯಲ್ಲಿ. ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಕಿಕಾಳಿನ ಮುಹೂರ್ತ. ಮದುಮಗಳು ಉಡಬೇಕಾದ ಸೀರೆ ಮಾತ್ರ ಇನ್ನೂ ಇಲಕಲ್ಲಿನ ಮಗ್ಗದ ಮೇಲೇ ಇತ್ತು. ನೇಕಾರನಿಗೆ ಜ್ವರ ಬಂದು ಸೆರಗು ಉಳಿದುಬಿಟ್ಟಿತ್ತು. ಮದುವೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಬೇರೆ ಸೀರೆ ಉಡಿಸಿದರಾಯಿತು ಎಂದು ನಾನು ಅಂದದ್ದಕ್ಕೆ ಮನೆಯ ಹೆಂಗಸರೆಲ್ಲ ಒಮ್ಮೆಲೇ ನನ್ನತ್ತ ನೋಡಿದರು.

ಸೀರೆ ತರಲು ಮೂವರು ಹೊರಟೆವು. ಒಬ್ಬ, ಶಾಂತಾಳ ತಮ್ಮ ಗುರುಬಸು. ನಾಲ್ಕು ವರ್ಷ ಕುವೈತಿನಲ್ಲಿ ಲಾರಿ ಓಡಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ವಾರವಷ್ಟೇ ಬಂದಿಳಿದಿದ್ದ. ಮನೆಯೊಳಗೂ ಅದನ್ನು ತೆಗೆಯುತ್ತಿರಲಿಲ್ಲವಾದ್ದರಿಂದ ಎರಡು ಸಲ ಬಾಗಿಲ ಚೌಕಟ್ಟಿಗೆ ಹಾಯ್ದಿದ್ದ. ಇನ್ನೊಬ್ಬರು ಶಾಂತಾಳ ಸೋದರತ್ತೆ ನೀಲವ್ವ, ಊರಿಗೆಲ್ಲ ನೀಲವ್ವತ್ತಿ. ಸೀರೆಯ ಅಂಚು-ದಡಿ ಪರೀಕ್ಷಿಸಲು ಅವರೇ ಬೇಕು. ಮೂರನೆಯವನು ನಾನು. ನಾನು ಯಾಕೆ ಬೇಕಿತ್ತು ಎಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಪರಿಚಯದ ಸಾಹುಕಾರರೊಬ್ಬರ ಅಂಬಾಸಿಡರ್ ಸಿಕ್ಕಿತು. ಗುರುಬಸು ಠೀವಿಯಿಂದ ಎಡಗಡೆಯ ಬಾಗಿಲು ತೆರೆದು ಕುಳಿತ. ಕೈ ಚಾಚಿದ. ಮುಂದೆ ಏನೂ ಇರಲಿಲ್ಲ.

"ಮಾಮಾ, ಸ್ಟೇರಿಂಗ್ ಬಿಚ್ಚಿಟ್ಟಾರೇನ್ರಿ?"

"ಬಲಗಡೆ ಐತಿ ನೋಡಪಾ."

"ಹೌದಲ್ಲ! ಕುವೈತದಾಗ ಎಡಕ್ಕ ಇರ್ತೈತ್ರಿ. ಅಲ್ಲೆ ರಸ್ತಾ ಅಂದ್ರ ಹೆಂಗ ಅದಾವು ಅಂತೀರಿ, ಒಣಗಿದ ರೊಟ್ಟಿ ಇಟ್ಟ ಉಂಡ ಬರಬಹುದು!"

ರಸ್ತೆಯ ಮೇಲೆ ರೊಟ್ಟಿ ಇಟ್ಟು ತಿನ್ನುವ ಹಣೆಬರಹ ಇವನಿಗೆ ಏಕೆ ಬಂತೋ ನಾನು ಕೇಳಲಿಲ್ಲ. ಅಲ್ಲಿ ಗೇರು ಬಲಗೈಗೆ ಇರುತ್ತಿತ್ತಂತೆ. ಹಾಗಾಗಿ ಗೇರು ಬದಲಿಸಬೇಕಾದಾಗಲೆಲ್ಲ ಅವನ ಬಲಗೈ ಹೋಗಿ ಬಾಗಿಲಿನ ಗಾಜಿನ ಹಿಡಿಕೆ ತಿರುಗಿಸುತ್ತಿತ್ತು, ಕಿಟಕಿಯ ಗಾಜು ಕೆಳಗಿಳಿಯುತ್ತಿತ್ತು. ಅಮೀನಗಡ ದಾಟುವಷ್ಟರಲ್ಲಿ ಗಾಜು ಏಳು ಸಲ ಇಳಿದಿತ್ತು. ಗೇರು ಎರಡು ಸಲ ಬದಲಾಗಿತ್ತು.

ಹೋಗುವಾಗ ಏನೂ ಆಗಲಿಲ್ಲ. ಸೀರೆ ಸಿಕ್ಕಿತು. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆಯ ಸೆರಗು. ನೀಲವ್ವತ್ತಿ ಎರಡೂ ದಡಿ ಸವರಿ ನೋಡಿ, ಬಿಳಿ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿ, "ಅಳಿಯಂದ್ರ, ಇದು ನಿಮ್ಮ ತೊಡಿ ಮ್ಯಾಲ ಇರ್ಲಿ. ಕೈ ಬಿಡಬ್ಯಾಡ್ರಿ" ಎಂದು ನನಗೆ ಒಪ್ಪಿಸಿ ಹಿಂದಿನ ಸೀಟಿನಲ್ಲಿ ಕುಳಿತರು. ಆಗ ಹತ್ತೂವರೆ. ಸಮಯ ಧಾರಾಳವಾಗಿತ್ತು. ಇಂಥ ಧಾರಾಳ ಸಮಯದಲ್ಲೇ ನನಗೆ ಜ್ಞಾನ ಉಕ್ಕುವುದು.

"ಗುರುಬಸು, ನಾವು ಎಡಕ್ಕ ಯಾಕ ಹೋಗ್ತೇವಿ, ಗೊತ್ತೈತೇನು?"

"ಪೊಲೀಸರು ಹಿಡೀತಾರಂತ."

ಇಂಥ ಅಜ್ಞಾನವನ್ನು ಸಹಿಸುವುದು ಹೇಗೆ? ನಾನು ಆರಂಭಿಸಿದೆ. ಹಿಂದಿನ ಕಾಲದಲ್ಲಿ ಕುದುರೆ ಸವಾರರು ದಾರಿಯ ಎಡಕ್ಕೆ ಹೋಗುತ್ತಿದ್ದರು. ಎದುರಿನವನು ಬಲಗೈಯ ಖಡ್ಗಕ್ಕೆ ಸಿಗಲಿ ಎಂದು. ಫ್ರಾನ್ಸಿನಲ್ಲಿ, ಅಮೆರಿಕದಲ್ಲಿ ಹಲವು ಜೋಡಿ ಕುದುರೆ ಕಟ್ಟಿದ ದೊಡ್ಡ ಬಂಡಿಗಳು ಬಂದವು. ಹೊಡೆಯುವವನು ಎಡಗಡೆಯ ಹಿಂದಿನ ಕುದುರೆಯ ಮೇಲೆ ಕೂರುತ್ತಿದ್ದ. ಎದುರಿನ ಬಂಡಿಯ ಗಾಲಿ ತನ್ನ ಕಣ್ಣಿಗೆ ಕಾಣಲೆಂದು ಬಲಕ್ಕೆ ಸರಿಯುತ್ತಿದ್ದ. ಇಂಗ್ಲಿಷರು ಮಾತ್ರ ಖಡ್ಗದ ಕಾಲದ ಎಡವನ್ನೇ ಹಿಡಿದು, ತಾವು ಆಳಿದಲ್ಲೆಲ್ಲ ಅದನ್ನೇ ಹೇರಿದರು.

"ಅಂದ್ರ, ಈ ಎಡಗಡೆ ಅನ್ನೂದು ಗುಲಾಮಗಿರಿ!" ಎಂದೆ. ಕುದುರೆಯ ಮೇಲಿಂದ ಖಡ್ಗ ಬೀಸುವುದನ್ನು ತೋರಿಸಲು ಎರಡೂ ಕೈ ಬೇಕಾದವು. ಸೀರೆಯ ಗಂಟನ್ನು ಎತ್ತಿ ಮುಂದಿನ ಗಾಜಿನ ಕೆಳಗೆ ಇಟ್ಟೆ. ಇತಿಹಾಸ ಬರೆಯುವವರು ಈ ಗಳಿಗೆಯನ್ನು ಗುರುತು ಹಾಕಿಕೊಳ್ಳಬೇಕು.

ಅಷ್ಟರಲ್ಲಿ ಬೀರಪ್ಪನ ಕಟ್ಟೆ ಬಂತು. ರಸ್ತೆಯ ನಟ್ಟನಡುವೆ ದೊಡ್ಡ ಬೇವಿನಮರ, ಸುತ್ತ ಆಳೆತ್ತರದ ಕಲ್ಲಿನ ಕಟ್ಟೆ, ಮೇಲೆ ಬೀರಪ್ಪ. ರಸ್ತೆ ಮಾಡಿದವರು ದೇವರನ್ನು ಕೀಳಲು ಹೆದರಿ, ರಸ್ತೆಯನ್ನೇ ಎರಡು ಸೀಳು ಮಾಡಿ ಕಟ್ಟೆಯ ಅಕ್ಕಪಕ್ಕ ಹಾಯಿಸಿದ್ದರು. ಆಚೆಯಿಂದ ಏನು ಬರುತ್ತಿದೆ ಎಂಬುದು ಈಚೆಗೆ ಕಾಣುತ್ತಿರಲಿಲ್ಲ. ಎಡಗಡೆಯ ಸೀಳಿನಲ್ಲಿ ಹೊಂಡಗಳು, ಬಲಗಡೆ ನುಣುಪು ಡಾಂಬರು.

"ಲೇ ಗುರ್ಯಾ, ಎಡಕ್ಕ ಹೋಗೋ. ದೇವರು ಬಲಕ್ಕ ಇರಬೇಕು. ಶುಭಕಾರ್ಯಕ್ಕ ಹೊಂಟೀವಿ" ಎಂದರು ಹಿಂದಿನಿಂದ ನೀಲವ್ವತ್ತಿ.

ನನಗೆ ನಗು ಬಂತು. ಖರೆ ಹೇಳಬೇಕೆಂದರೆ ಕನಿಕರವೂ ಬಂತು. "ಅತ್ತಿ, ದಿನಾ ಮುಂಜಾನೆ ಇಷ್ಟಲಿಂಗ ಪೂಜಿ ಮಾಡ್ತೀರಿ, ಕಂಡ ಕಂಡ ಕಲ್ಲಿಗೆ ಸುತ್ತ ಹಾಕೂದು ಯಾಕ ಬೇಕ್ರಿ? ಎಡಕ್ಕ ಹೋಗೂದು ದೇವರ ಮಾಡಿದ ಕಾಯ್ದೆ ಅಲ್ಲ, ಇಂಗ್ಲಿಷರ ಕಾಯ್ದೆ. ಗುರುಬಸು, ಬಲಕ್ಕ ಹೊಡಿ!"

"ಕುವೈತದಾಗ ಹಿಂಗ ಹೋಗೂದ್ರಿ ಮಾಮಾ!" ಎಂದು ಗುರುಬಸು ಹುರುಪಿನಿಂದ ಬಲಕ್ಕೆ ತಿರುಗಿಸಿದ. ಸ್ವತಂತ್ರ ಭಾರತದ ಮೊದಲ ಸ್ವತಂತ್ರ ಕಾರು ಕಟ್ಟೆಯ ಬಲಗಡೆಯಿಂದ ಧಾವಿಸಿತು.

ಕಟ್ಟೆಯ ಮರೆಯಿಂದ ಬಸ್ಸು ಬಂತು.

ಆ ಬಸ್ಸನ್ನು ನಾನು ಈಗಲೂ ದಿನಕ್ಕೊಮ್ಮೆ ನೋಡುತ್ತೇನೆ. ಸ್ನಾನ ಮಾಡುವಾಗ, ಹಜಾಮತಿಗೆ ಕುಳಿತಾಗ. ಅದರ ಮೂಗಿಗೆ ಕಟ್ಟಿದ ಒಣಗಿದ ಹೂವಿನ ಹಾರ, ಮೂರು ಮೆಣಸಿನಕಾಯಿ, ಒಂದು ನಿಂಬೆಹಣ್ಣು. ನಿಂಬೆಹಣ್ಣಿನ ಮೇಲಿನ ಕಪ್ಪು ಚುಕ್ಕೆ ಕೂಡ ಕಂಡಿತು. ಅಷ್ಟು ಹತ್ತಿರ! ಖಡ್ಗ ಹಿಡಿಯಬೇಕಾದ ನನ್ನ ಬಲಗೈ ಹಿಂದಕ್ಕೆ ಚಾಚಿ ನೀಲವ್ವತ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಬಾಯಿ "ಬೀರಪ್ಪಾ!" ಎಂದು ಕೂಗಿತ್ತು. ಇಂಗ್ಲಿಷರ ಹೆಸರು ನೆನಪಿಗೆ ಬರಲಿಲ್ಲ.

ಗುರುಬಸು ಗೇರಿಗೆ ಕೈ ಹಾಕಿದ. ಗಾಜು ಇಳಿಯಿತು. ಆಮೇಲೆ ಸ್ಟೇರಿಂಗನ್ನು ಬಲಕ್ಕೆ ಎಳೆದ. ಕಾರು ರಸ್ತೆ ಬಿಟ್ಟು ಹಾರಿ, ಹೊಲದ ಅಂಚಿನ ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕು ನಿಂತಿತು. ಸೀರೆಯ ಗಂಟು ಗಾಜಿನ ಕೆಳಗಿನಿಂದ ಎಡಕ್ಕೆ ಜಾರಿ, ನನ್ನ ತೆರೆದ ಕಿಟಕಿಯಿಂದ ಹೊರಗೆ ಹೋಗಿ, ನಡುದಾರಿಯಲ್ಲಿ ಬಿಚ್ಚಿಕೊಂಡಿತು. ಬಸ್ಸು ಕಿರ್‌ರೆಂದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಒಂದು ಮೊಳ ಆಚೀಚೆ ಆಗಿದ್ದರೆ ಈ ಬರಹ ಬರೆಯಲು ನಾನಿರುತ್ತಿರಲಿಲ್ಲ. ಓದಲು ನೀವಿರುತ್ತಿದ್ದಿರಿ, ಅಷ್ಟೆ.

ನೀಲವ್ವತ್ತಿ ತಲೆಯಲ್ಲಿನ ಕಣಿಕೆ ಕಿತ್ತುಹಾಕುತ್ತ ಮೊದಲು ಕೇಳಿದ್ದು, "ಸೀರಿ ಎಲ್ಲೈತಿ?"

ಬಸ್ಸಿನ ಮುಂದಿನ ಗಾಲಿಯ ಕೆಳಗಿತ್ತು.

ಬಸ್ಸಿನ ಡ್ರೈವರು ಇಳಿದು ಬಂದ. ಬಿಳಿ ಮೀಸೆಯ ಹಿರಿಯ. "ಯಾವ ದೇಶದವ್ರಿ ನೀವು?" ಎಂದ. ಗುರುಬಸು ಕಪ್ಪು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡು, ಬೆರಳು ನನ್ನತ್ತ ತೋರಿಸಿದ. "ಇವರು ಹೇಳಿದ್ರಿ. ಭಾಳ ಕಲ್ತಾರಿ."

ನಾನು ಗಂಟಲು ಸರಿಮಾಡಿಕೊಂಡು, "ಹಂಗಲ್ಲ, ಹಿಂದಿನ ಕಾಲದಾಗ ಕುದುರಿ ಸವಾರರು..." ಎಂದೆ.

"ಕುದುರಿ ಇರ್ಲಿ ಸಾಹೇಬ್ರ," ಎಂದ ಡ್ರೈವರು, "ಈ ಕಟ್ಟಿ ಸುತ್ತ ಬಂಡಿ ಹೊಡ್ಯಾವ ಬಂಡ್ಯಾಗ ನಿದ್ದಿ ಹೊಡೀತಾನ. ಎತ್ತು ತಾವ ಕಟ್ಟಿ ಬಲಕ್ಕ ಇಟಗೊಂಡು ಹೋಗ್ತಾವು. ದೇವರಿಗೆ ಸುತ್ತ ಹಾಕಿದ್ರ ಯಾರೂ ಯಾರಿಗೂ ಎದರ ಆಗೂದಿಲ್ರಿ. ಎತ್ತಿಗೆ ಗೊತ್ತೈತಿ ಇದು!"

ನೀಲವ್ವತ್ತಿ ಒಮ್ಮೆ ನನ್ನ ಕಡೆ ನೋಡಿದರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಬಸ್ಸು ಹಿಂದಕ್ಕೆ ಸರಿಯಿತು. ಸೀರೆಯ ಮೇಲೆ ಗಾಲಿಯ ಗುರುತು, ಸೆರಗಿನ ಕೆಂಪು ರೇಷ್ಮೆಗೆ ಅಡ್ಡಲಾಗಿ, ನೇಕಾರ ನೇಯ್ದದ್ದಕ್ಕಿಂತ ಸ್ಪಷ್ಟವಾಗಿ ಮೂಡಿತ್ತು. ಪ್ರಯಾಣಿಕರೆಲ್ಲ ಸೇರಿ ಕಾರನ್ನು ಬಣವೆಯಿಂದ ಎಳೆದರು. ಹನ್ನೊಂದೂಕಾಲು. ಇನ್ನು ಹೊರಡೋಣ ಎಂದರೆ ನೀಲವ್ವತ್ತಿ ಕಾರು ಹತ್ತಲಿಲ್ಲ.

"ತಪ್ಪ ಸುತ್ತ ಹಾಕೀರಿ. ಮೂರ ಸಲ ಸರಿ ಸುತ್ತ ಹಾಕಿ ನಡೀರಿ. ಇಲ್ಲಂದ್ರ ನಾ ಬಸ್ಸಿನ್ಯಾಗ ಬರ್ತೇನಿ."

ಬಸ್ಸು ಇಲಕಲ್ಲಿಗೆ ಹೊರಟದ್ದು ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಡ್ರೈವರು ಬಸ್ಸನ್ನು ಬದಿಗೆ ಹಾಕಿ ದಾರಿ ಬಿಟ್ಟ. ನಾವು ಸುತ್ತಿದೆವು. ಪ್ರಯಾಣಿಕರು ಕೈಮುಗಿದು ನಿಂತು ಒಕ್ಕೊರಲಿನಿಂದ ಎಣಿಸಿದರು: "ಒಂದು! ಎರಡು!" ಯಾವ ಹೊಂಡಗಳನ್ನು ತಪ್ಪಿಸಲು ಬಲಕ್ಕೆ ಹೋಗಿದ್ದೆನೋ ಅವೇ ಹೊಂಡಗಳಿಗೆ ಮೂರು ಮೂರು ಸಲ ಬಿದ್ದೆವು. ಮೂರನೆಯ ಸುತ್ತಿನಲ್ಲಿ ನನ್ನ ತಲೆ ಕಾರಿನ ಛಾವಣಿಗೆ ಬಡಿದಾಗ ಒಬ್ಬ ಮುದುಕ, "ಸಾಹೇಬ್ರು ನಮಸ್ಕಾರ ಮಾಡಿದ್ರು!" ಎಂದ.

ಕಮತಗಿ ಮುಟ್ಟಿದಾಗ ಹಂದರದಲ್ಲಿ ವಾದ್ಯ ಶುರುವಾಗಿತ್ತು. ಶಾಂತಾ ಸೀರೆ ಬಿಚ್ಚಿದಳು. ಗಾಲಿಯ ಗುರುತು ನೋಡಿದಳು. ನನ್ನ ತಲೆಯಲ್ಲಿನ ಕಣಿಕೆ ನೋಡಿದಳು.

"ಏನ್ರಿ ಇದು?"

"ಇತಿಹಾಸ" ಎಂದ ಗುರುಬಸು, ಹಿಂದಿನಿಂದ.

ಮಹಾದೇವಿ ಕಣ್ಣೀರು ಒರೆಸಿಕೊಂಡಳು. ಅವಳು ಅತ್ತಿದ್ದನ್ನು ಮಾತ್ರ ನಾನು ತಮಾಷೆ ಮಾಡಲಾರೆ. ಕೊನೆಗೆ ನೀಲವ್ವತ್ತಿಯೇ ಉಪಾಯ ಹುಡುಕಿದರು. ಸೆರಗನ್ನು ಎಂದಿನ ಹೆಗಲು ಬಿಟ್ಟು ಇನ್ನೊಂದು ಹೆಗಲಿಗೆ ಹೊದೆಸಿ ಎರಡು ಮಡಿಕೆ ಹೆಚ್ಚು ಹಾಕಿದರೆ ಗುರುತು ಮುಚ್ಚುತ್ತಿತ್ತು. ಹಾಗೆಯೇ ಅಕ್ಕಿಕಾಳು ಬಿದ್ದವು. ಹನ್ನೆರಡೂವರೆಗೆ, ಸರಿಯಾಗಿ.

ಆ ಮದುವೆಯ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಬಂದವರೆಲ್ಲ ನೋಡಿ ಕೇಳುತ್ತಾರೆ, "ಮದುಮಗಳ ಸೆರಗು ಆ ಕಡೆ ಯಾಕ ಐತ್ರಿ?"

"ನಮ್ಮವರನ್ನ ಕೇಳ್ರಿ," ಎನ್ನುತ್ತಾಳೆ ಶಾಂತಾ, ಚಹಾ ಇಡುತ್ತ. "ಯಾವ ದೇಶದಾಗ ಯಾವ ಕಡೆ ಅನ್ನೂದನ್ನ ಅವರು ಭಾಳ ಓದ್ಯಾರ."

ಬಂದವರು ಕುತೂಹಲದಿಂದ ನನ್ನತ್ತ ತಿರುಗುತ್ತಾರೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೇನೆ. ಎಡಬದಿಯಿಂದಲೇ!