ಎಡಗಡೆಗೆ ಎರಡು ಬೆರಳು

ಯಾವ ಮನುಷ್ಯನ ಎರಡು ಭುಜಗಳೂ ಒಂದೇ ಎತ್ತರಕ್ಕೆ ಇರುವುದಿಲ್ಲ. ಸೇಡಂನಲ್ಲಿ ಮೂವತ್ತೊಂದು ವರ್ಷಗಳಿಂದ ಗಂಡಸರ ಅಂಗಿ, ಕೋಟು ಹೊಲಿಯುತ್ತಿರುವ ನಾನು ಈ ಮಾತನ್ನು ಟೇಪು ಮುಟ್ಟಿ ಹೇಳಬಲ್ಲೆ. ಚೀಲ ಹೊತ್ತವರದು ಒಂದು ಬದಿ ಇಳಿದಿರುತ್ತದೆ. ಮೋಟರ್‌ಸೈಕಲ್ ಮೇಲೆ ಫೋನನ್ನು ಕುತ್ತಿಗೆಯಲ್ಲಿ ಸಿಕ್ಕಿಸಿಕೊಂಡು ತಿರುಗುವವರದು ಇನ್ನೊಂದು ಬದಿ. ಅಳತೆ ತೆಗೆಯುವಾಗ ಇದನ್ನು ಗಿರಾಕಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಇಳಿದ ಕಡೆ ಒಳಗಿನಿಂದ ಕೊಂಚ ದಪ್ಪ ಪ್ಯಾಡ್ ಇಟ್ಟು ಹೊಲಿದುಬಿಡುತ್ತೇವೆ. ಕನ್ನಡಿಯ ಮುಂದೆ ನಿಂತ ಗಿರಾಕಿ ತಾನು ಹುಟ್ಟಿದ್ದೇ ಹೀಗೆ ನೆಟ್ಟಗೆ ಎಂದುಕೊಂಡು ಹೋಗುತ್ತಾನೆ. ನನಗೂ ಸಮಾಧಾನ, ಅವನಿಗೂ ಸಮಾಧಾನ. ಇಂಥ ಮುಚ್ಚಿಡುವ ಕಸುಬಿನವನಾದ ನನಗೆ ಇಳಿವಯಸ್ಸಿನಲ್ಲಿ ಒಂದು ಕಾರು ಗಂಟುಬಿತ್ತು. ಅದು ಎಡಕ್ಕೆ ವಾಲುತ್ತಿತ್ತು.

ಅದು ಹಳೆಯ ಕಾಲದ ಸ್ಪೋರ್ಟ್ಸ್ ಕಾರು. ಬಾಗಿಲು ಎರಡು, ಸೀಟು ಎರಡು, ಮೇಲೆ ಮಡಚಿ ಇಡುವ ಕ್ಯಾನ್ವಾಸಿನ ಟಪ್ಪ, ನೆಲಕ್ಕೆ ಮೂಗು ತಾಗಿಸಿಕೊಂಡು ಮಲಗಿದ ಬೆಕ್ಕಿನಂಥ ಮೈ. ಶಹಾಬಾದಿನ ಕಲ್ಲುಗಣಿಯ ಹಿರಿಯರೊಬ್ಬರು ನನ್ನ ಕಾಯಂ ಗಿರಾಕಿ. ತಾರುಣ್ಯದಲ್ಲಿ ಹುಚ್ಚು ಹತ್ತಿ ಅದನ್ನು ಕೊಂಡಿದ್ದರಂತೆ. ಈಗ ಅವರ ಮನೆಯಲ್ಲಿ ಹನ್ನೊಂದು ಜನ. ಇಬ್ಬರು ಕಾರಿನಲ್ಲಿ ಕೂತರೆ ಒಂಬತ್ತು ಜನ ಮುನಿಸಿಕೊಳ್ಳುತ್ತಾರೆ. "ಮಾಸ್ತರ, ನಿಮ್ಮ ಮನ್ಯಾಗ ಇಬ್ಬರೇ ಅದೀರಿ. ಇದು ನಿಮ್ಮ ಸಲುವಾಗೇ ಮಾಡಿದಂಗ ಅದ, ಒಯ್ರಿ" ಎಂದು ಹೆಚ್ಚುಕಡಿಮೆ ದಾನದಂತೆ ಕೊಟ್ಟುಬಿಟ್ಟರು. ಓಟಕ್ಕೆ ಹುಟ್ಟಿದ ಕಾರು ನಿಜ. ಆದರೆ ನಮ್ಮ ರಸ್ತೆಯಲ್ಲಿ ಸಿಮೆಂಟ್ ಲಾರಿಯ ಹಿಂದೆ ಸಿಕ್ಕಿಕೊಂಡರೆ ಅದೂ ಎತ್ತಿನ ಗಾಡಿಯೂ ಒಂದೇ. ಆದರೂ ಸಂಜೆ ನಾನು, ನನ್ನ ಹೆಂಡತಿ ಮಹಾದೇವಿ ಟಪ್ಪ ತೆಗೆದು ಕಾಗಿಣಾ ಸೇತುವೆಯ ತನಕ ಹೋಗಿ ಬರುವಾಗ ನಮ್ಮಂಥ ಜೋಡಿ ತಾಲೂಕಿನಲ್ಲೇ ಇಲ್ಲ ಎನ್ನಿಸುತ್ತಿತ್ತು.

ಮನೆಗೆ ಹೊಂದಿಕೊಂಡೇ ಇರುವ ನನ್ನ ಅಂಗಡಿಯ ಎದುರಿನ ಕಿರಾಣಿ ಬಸಣ್ಣ ಇದನ್ನು ಕೆಡಿಸಿದ. ಒಂದು ಸಂಜೆ ಅವನು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, ನಾಲ್ಕು ಜನರ ಮುಂದೆ ಹೇಳಿದ: "ಮಾಸ್ತರ, ನಿಮ್ಮ ಗಾಡಿ ಎಡಕ್ಕ ಎರಡು ಬೆರಳು ಇಳದದಲ್ರಿ. ಅಕ್ಕಾರು ಕುಂದರೋ ಕಡಿ ಸ್ಪ್ರಿಂಗ್ ತಾಳವಲ್ದು ನೋಡ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗಬಾರದಿತ್ತು. ಥೈರಾಯ್ಡ್ ಗುಳಿಗೆ ಶುರುವಾದ ಮೇಲೆ ಮಹಾದೇವಿಯ ಮೈ ಕೊಂಚ ತುಂಬಿತ್ತು. ಅವಳ ಕುಪ್ಪಸಗಳ ಹೊಲಿಗೆಯನ್ನು ನಾನೇ ಎರಡು ಸಲ ಬಿಚ್ಚಿ ಸಡಿಲ ಮಾಡಿ, ಇಸ್ತ್ರಿ ಹಾಕಿ, ಏನೂ ಆಗದವನಂತೆ ಮಡಚಿ ಇಟ್ಟಿದ್ದೆ. ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಷ್ಟು ಜೋಪಾನ ಮಾಡಿದವನು ಬೀದಿಯಲ್ಲಿ ಹಲ್ಲು ತೆರೆದುಬಿಟ್ಟೆ. ಬಾಗಿಲಿಗೆ ಬೀಗ ಹಾಕುತ್ತಿದ್ದ ಅವಳು ತಿರುಗಿ ನೋಡಿದ್ದು ಬಸಣ್ಣನನ್ನಲ್ಲ, ನನ್ನನ್ನು. "ತಲಿ ನೋಯಲಿಕತ್ತದ, ನೀವು ಹೋಗಿ ಬರ್ರಿ" ಎಂದು ಬೀಗ ತೆಗೆದು ಒಳಗೆ ಹೋದಳು. ಆ ತಲೆನೋವು ಎರಡು ತಿಂಗಳು ಇಳಿಯಲಿಲ್ಲ.

ಕಾರನ್ನು ನೆಟ್ಟಗೆ ಮಾಡಿದರೆ ಎಲ್ಲವೂ ನೆಟ್ಟಗಾದೀತು ಎಂದು ನಾನು ನಂಬಿದೆ. ನಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿ, ಕೊರಳಲ್ಲಿದ್ದ ಟೇಪಿನಿಂದಲೇ ನಾಲ್ಕೂ ಮೂಲೆ ಅಳೆದೆ. ಎಡ ಹಿಂಬದಿ ನಿಜವಾಗಿಯೂ ಕೆಳಗಿತ್ತು. ಕಾರನ್ನು ತಿರುಗಿಸಿ ನಿಲ್ಲಿಸಿ ಅಳೆದರೆ ಬೇರೆಯೇ ಲೆಕ್ಕ ಬಂತು. ಮಳೆನೀರು ಹರಿದುಹೋಗಲೆಂದು ಅಂಗಳದ ಕಲ್ಲುಗಳನ್ನು ಮೋರಿಯ ಕಡೆಗೆ ಇಳಿಜಾರಾಗಿ ಹಾಸಿದ್ದು ನಾನೇ ನಿಂತು ಮಾಡಿಸಿದ ಕೆಲಸವಾದರೂ ಆಗ ಅದು ಹೊಳೆಯಲಿಲ್ಲ. ಆಮೇಲೆ ಗಾಲಿಗಳಿಗೆ ಗಾಳಿ ಸಮ ಮಾಡಿಸಿದೆ. ಬಸ್ ನಿಲ್ದಾಣದ ಹತ್ತಿರದ ಮೆಕ್ಯಾನಿಕ್ ಒಂದೇ ನೋಟಕ್ಕೆ "ಎಡಗಡಿ ಸ್ಪ್ರಿಂಗ್ ಕುಂತದ" ಎಂದು ತೀರ್ಪು ಕೊಟ್ಟು, ಸ್ಪ್ರಿಂಗಿನ ಮೇಲೆ ದಪ್ಪ ರಬ್ಬರ್ ತುಂಡು ಇಟ್ಟ. ನನಗೆ ಬಹಳ ಹಿಡಿಸಿತು. ನಾನು ಕೋಟಿಗೆ ಮಾಡುವುದೂ ಅದನ್ನೇ ತಾನೆ! ನಾಲ್ಕನೇ ದಿನ ರಸ್ತೆಯ ಉಬ್ಬೊಂದನ್ನು ಹಾರಿದಾಗ ರಬ್ಬರ್ ಸೀಳಿ ಹೊರಬಿತ್ತು. ಕಾರು ಮತ್ತೆ ಎಡಕ್ಕೆ.

ಅದೇ ವಾರ ಚಿಂಚೋಳಿಯಲ್ಲಿ ಮಹಾದೇವಿಯ ಅಕ್ಕನ ಮನೆಯ ಗೃಹಪ್ರವೇಶ. ಕಾರು ತೊಳೆದು ಸಜ್ಜು ಮಾಡಿದ್ದೆ. ಮಹಾದೇವಿ ಸೀರೆ ಉಟ್ಟು, ಚೀಲ ಹಿಡಿದು, ಕಾರಿನ ಪಕ್ಕದಲ್ಲೇ ನಡೆದುಕೊಂಡು ಹೋಗಿ ಬಸ್ಸು ಹತ್ತಿದಳು. ನನಗೆ ಏನು ಮಾಡಬೇಕೋ ತಿಳಿಯದೆ ಬಸ್ಸಿನ ಹಿಂದೆಯೇ ಕಾರು ಬಿಟ್ಟೆ. ಅದು ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಹಿಂದಿನ ಕಿಟಕಿಯಲ್ಲಿ ಅವಳ ಮುಡಿ ಕಾಣುತ್ತಿತ್ತು; ಒಮ್ಮೆಯೂ ತಿರುಗಲಿಲ್ಲ. ಮೂರನೇ ನಿಲುಗಡೆಯಲ್ಲಿ ಕಂಡಕ್ಟರ್ ಇಳಿದು ಬಂದು ಕೇಳಿದ: "ಯಾಕ್ರಿ ಯಜಮಾನ್ರೆ, ಸ್ಪೋರ್ಟ್ಸ್ ಕಾರ್ ಇಟ್ಕೊಂಡು ನಮ್ಮ ಹಿಂದ ಬರಲಿಕತ್ತೀರಿ? ಮುಂದ ಹೋಗ್ರಲ್ಲ."

"ನಮ್ಮ ಮನಿಯವರು ನಿಮ್ಮ ಬಸ್ಸಿನ್ಯಾಗ ಅದಾರ್ರಿ" ಎಂದೆ.

ಅವನು ನನ್ನ ಪಕ್ಕದ ಖಾಲಿ ಸೀಟು ನೋಡಿದ. ಅವನಿಗೂ ಮದುವೆಯಾಗಿರಬೇಕು, ಮತ್ತೇನೂ ಕೇಳದೆ ಸೀಟಿ ಊದಿದ.

ಗೃಹಪ್ರವೇಶದ ಮನೆಯ ಬಾಗಿಲಲ್ಲೇ ಅವಳ ಅಕ್ಕ, "ಎವ್ವಾ, ನಿಮ್ಮ ಮನಿಯವರು ಕಾರ್ ತಂದಾರ, ನೀ ಯಾಕ ಬಸ್ಸಿಗಿ ಬಂದಿ?" ಎಂದಳು. ಮಹಾದೇವಿ ನಗುನಗುತ್ತಲೇ, "ನನ್ನ ಭಾರ ಆ ಕಾರಿಗಿ ತಾಳಂಗಿಲ್ಲಂತಕ್ಕಾ" ಎಂದಳು. ಹೆಂಗಸರೆಲ್ಲ ನಕ್ಕರು. ಈ ಸಲ ನನಗೆ ನಗು ಬರಲಿಲ್ಲ. ಹೋಳಿಗೆ ಎರಡಕ್ಕೇ ಸಾಕಾಯಿತು. ನನ್ನನ್ನು ಬಲ್ಲವರಿಗೆ ಇದು ಎಂಥ ಸಂಕಟ ಎಂದು ಬಿಡಿಸಿ ಹೇಳಬೇಕಿಲ್ಲ.

ಮರುದಿನವೇ ಕಾರು ತೆಗೆದುಕೊಂಡು ರೈಲ್ವೆ ಜಂಕ್ಷನ್ನಿನ ಊರಾದ ವಾಡಿಗೆ ಹೋದೆ. ಅಲ್ಲಿ ಮೌಲಾಸಾಬ ಎಂಬ ಹಿರಿಯರಿದ್ದಾರೆ. ರೈಲ್ವೆಯಲ್ಲಿ ಗೂಡ್ಸ್ ಡಬ್ಬಿಗಳ ಕೆಳಗೆ ಸುತ್ತಿಗೆ ಹಿಡಿದು ಸ್ಪ್ರಿಂಗು ಬಡಿದು ನೋಡುವುದರಲ್ಲೇ ಅವರ ನೌಕರಿ ಕಳೆದಿತ್ತು. ಈಗ ಮನೆಯ ಮುಂದೆ ಹಳೇ ಗಾಡಿ ರಿಪೇರಿ ಮಾಡುತ್ತಾರೆ. ನಾನು ಟೇಪು ತೆಗೆದದ್ದೇ ತಡ, ಕೈ ಅಡ್ಡ ಹಿಡಿದರು. "ನೆಲದಿಂದ ಅಳೀಬ್ಯಾಡ್ರಿ ಮಾಸ್ತರ್ ಸಾಬ್. ನೆಲಾ ಸುಳ್ಳು ಹೇಳ್ತದ." ಕಲ್ಲುಹಾಸಿನ ಮೇಲೆ ಒಂದು ಚೊಂಬು ನೀರು ಸುರಿದರು. ನೀರು ಎತ್ತಲೂ ಹರಿಯದೆ ನಿಂತ ಜಾಗ ಹುಡುಕಿ, ಅಲ್ಲಿ ಕಾರು ನಿಲ್ಲಿಸಿದರು. ಗಾಲಿಯ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆದರು. ಕಾರನ್ನು ಅಮುಕಿ ಅಮುಕಿ ಬಿಟ್ಟು ಕಿವಿಗೊಟ್ಟು ಕೇಳಿದರು. ಕೊನೆಗೆ ಹಿಂದಿನ ಎರಡೂ ಸ್ಪ್ರಿಂಗು ಬಿಚ್ಚಿ ಕಲ್ಲಿನ ಮೇಲೆ ಜೋಡಿಯಾಗಿ ನಿಲ್ಲಿಸಿದರು.

ಎಡಗಡೆಯದಕ್ಕಿಂತ ಬಲಗಡೆಯದು ಎರಡು ಬೆರಳು ಎತ್ತರ. ಸರಳೂ ದಪ್ಪ.

"ನೋಡ್ರಿ, ಎಡಗಡಿದು ಕುಗ್ಗಿಲ್ಲ. ಗಾಡಿ ಹುಟ್ಟಿದಾಗಿಂದು, ಇನ್ನಾ ಗಟ್ಟಿ ಅದ. ಬಲಗಡಿದು ಈ ಗಾಡಿದೇ ಅಲ್ಲ, ಮಾಲು ಹೊರೋ ಟೆಂಪೋದು. ನಿಮ್ಮ ಗಾಡಿ ಎಡಕ್ಕ ಇಳದಿಲ್ರಿ, ಬಲಕ್ಕ ಎದ್ದದ. ಇದನ್ನ ಯಾರು ಹಾಕ್ಸಿದ್ರಿ?"

ನನಗೆ ನೆನಪಾಯಿತು. ನೆನಪಾದ ಕೂಡಲೇ ಮರೆತಂತೆ ಮುಖ ಮಾಡಲು ನೋಡಿದೆ. ಮೌಲಾಸಾಬರು ಸಾವಿರಾರು ಡಬ್ಬಿಗಳ ಹುಳುಕು ಕಂಡವರು, ನಾನು ಬಾಯಿ ಬಿಡುವ ತನಕ ನೋಡುತ್ತ ಕೂತರು. ಕಾರು ಬಂದ ಹೊಸತರಲ್ಲಿ, ನಾನು ಸ್ಟೇರಿಂಗ್ ಹಿಂದೆ ಕೂತ ತಕ್ಷಣ ಬಲಗಡೆ ಇಳಿಯುತ್ತಿತ್ತು. ನನ್ನ ತೂಕ ತೊಂಬತ್ನಾಲ್ಕು ಕಿಲೋ. ಯಾರಾದರೂ ಗಮನಿಸುವ ಮೊದಲೇ ಶಹಾಬಾದಿನ ಗುಜರಿಯಿಂದ ಒಂದು ಗಟ್ಟಿ ಸ್ಪ್ರಿಂಗು ತಂದು ಗುಟ್ಟಾಗಿ ಹಾಕಿಸಿದ್ದೆ. ನನ್ನ ಭಾರ ಮುಚ್ಚಲು ನಾನೇ ಇಟ್ಟುಕೊಂಡ ಪ್ಯಾಡ್ ಅದು. ಅದರಿಂದ ಕಾರು ಎಡಕ್ಕೆ ವಾಲಿದ ದೂರು ಹೋಗಿ ಮಹಾದೇವಿಯ ತಲೆಗೆ ಬಂದಿತ್ತು.

"ಹಳೇ ಸ್ಪ್ರಿಂಗ್ ಅದನ್ರಿ? ಇದ್ರ ಅದನ್ನೇ ತರ್ರಿ. ಜೋಡಿ ಅಂದ್ರ ಜೋಡಿನೇ ಇರಬೇಕು" ಎಂದರು ಮೌಲಾಸಾಬರು.

ಅದು ಇತ್ತು. ಆದರೆ ನಮ್ಮ ಅಡುಗೆಮನೆಯಲ್ಲಿ, ಕುಡಿಯುವ ನೀರಿನ ಮಣ್ಣಿನ ಕೊಡದ ಕೆಳಗೆ, ಸಿಂಬೆಯ ಬದಲು. ಬಸ್ಸು ಹಿಡಿದು ಮನೆಗೆ ಬಂದು, ಕೊಡ ಇಳಿಸಿ ಸದ್ದಿಲ್ಲದೆ ಎತ್ತಿಕೊಳ್ಳಲು ಹೋದೆ. ಮಹಾದೇವಿ ಹಿಂದೆಯೇ ನಿಂತಿದ್ದಳು.

"ಅದನ್ನ ಯಾಕ ತೆಗೀಲಿಕತ್ತೀರಿ?"

"ಕಾರಿಗಿ ಬೇಕು."

"ಕೆಟ್ಟದ ಅಂತ ಬಿಚ್ಚಿದ್ರಲ್ಲ?"

"ಕೆಟ್ಟಿರಲಿಲ್ಲ."

"ಮತ್ತ?"

ನಾನು ಕೊಡವನ್ನೇ ನೋಡುತ್ತ ಎಲ್ಲ ಹೇಳಿದೆ. ನನ್ನ ತೂಕ, ಟೆಂಪೋ ಸ್ಪ್ರಿಂಗು, ಗುಟ್ಟು ಎಲ್ಲ. ಅವಳು, "ಸ್ಪ್ರಿಂಗಿಂದು ಬಿಡ್ರಿ. ಅವತ್ತು ಬಸಣ್ಣ ಅಂದಾಗ ನೀವು ನಕ್ಕಿದ್ದು ಎದಕ್ಕ?" ಎಂದಳು.

"ತಪ್ಪಾಯ್ತು" ಎಂದೆ.

"ನನ್ನ ಮುಂದ ಅಂದ್ರ ಏನಾಯ್ತು? ಅಲ್ಲಿ ಹೋಗಿ ಹೇಳ್ರಿ. ಆಮ್ಯಾಲ ಒಯ್ರಿ ಇದನ್ನ."

ಸ್ಪ್ರಿಂಗು ಕೈಯಲ್ಲಿ ಹಿಡಿದೇ ಬಸಣ್ಣನ ಅಂಗಡಿಗೆ ಹೋದೆ. ಬೇಕೆಂದೇ ಮಾಡಿದಂತೆ ಆರು ಜನ ಗಿರಾಕಿಗಳಿದ್ದರು. ಭಾರ ನನ್ನದು, ಅವಳದಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಬಸಣ್ಣ ತಕ್ಕಡಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವನ ನಗು ಅಷ್ಟು ಉದ್ದ ಎಂಬುದು ಪಕ್ಕದಲ್ಲಿ ನಿಂತು ಜೊತೆಗೆ ನಗುವಾಗ ಗೊತ್ತಾಗಿರಲಿಲ್ಲ. ಮನೆಯ ಕಟ್ಟೆಯ ಮೇಲೆ ನಿಂತು ಮಹಾದೇವಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೋಗಿ ಕೊಡದ ಕೆಳಗೆ ಬಟ್ಟೆಯ ಸಿಂಬೆ ಇಟ್ಟಳು.

ಈಗ ಕಾರಿನ ಎರಡೂ ಸ್ಪ್ರಿಂಗು ಒಂದೇ ಜೋಡಿಯವು. ಖಾಲಿ ನಿಂತಾಗ ಕಾರು ನೆಟ್ಟಗಿರುತ್ತದೆ. ಅವಳು ಪಕ್ಕದಲ್ಲಿ ಕೂತರೂ ಹೆಚ್ಚುಕಡಿಮೆ ನೆಟ್ಟಗೇ. ನಾನೊಬ್ಬನೇ ಕೂತರೆ ಮಾತ್ರ ಬಲಕ್ಕೆ ಸ್ಪಷ್ಟವಾಗಿ ಇಳಿಯುತ್ತದೆ. ಮಹಾದೇವಿಗೆ ನನ್ನ ಮೇಲೆ ಸಿಟ್ಟು ಬಂದ ದಿನ ಅವಳು ಏನೂ ಅನ್ನುವುದಿಲ್ಲ, ಕಾರು ಹತ್ತುವುದಿಲ್ಲ, ಅಷ್ಟೆ. ನಾನು ಹಾಲಿಗೋ ದಾರಕ್ಕೋ ಒಬ್ಬನೇ ಹೊರಟರೆ ಸಾಕು, ಬಸಣ್ಣ ಗಲ್ಲೆಯಿಂದಲೇ ಕತ್ತು ಉದ್ದ ಮಾಡಿ ಕೂಗುತ್ತಾನೆ:

"ಯಾಕ್ರಿ ಮಾಸ್ತರ, ಇವತ್ತ ಮತ್ತ ಏನಂದ್ರಿ ಅಕ್ಕಾರಿಗಿ?"