ಅಕ್ಕೂರಲ್ಲಿ ನಿಂತುಹೋದ ರಿಲೇ ಓಟ

ನಾನು ಶೂ ಲೇಸು ಕಟ್ಟಿದೆ ಅಂದರೆ ಸಾಕು, ಏನಾದರೊಂದು ಆಗಿಯೇ ತೀರುತ್ತೆ. ನಾನಾಗಿ ಹುಡುಕಿಕೊಂಡು ಹೋಗಲ್ಲ, ಅದೇ ರಸ್ತೆ ಬದೀಲಿ ನನಗೋಸ್ಕರ ಕಾದು ನಿಂತಿರುತ್ತೆ.

ರಾಮನಗರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ ಸುಟ್ಟರೆ ನನ್ನ ಹತ್ತಿರ ತರುತ್ತಾರೆ. ದಿನವೆಲ್ಲಾ ಕೂತೇ ಕೆಲಸ. ಮೋಟಾರಿಗೂ ನನಗೂ ಮಧ್ಯೆ ಹೊಟ್ಟೆ ಬಂದು ಕೂರೋಕೆ ಶುರುವಾದ ಮೇಲೆ ಓಡೋಕೆ ಹಿಡಿದೆ. ಈಗ ನನ್ನ ವಯಸ್ಸಿನವರಲ್ಲಿ ನನ್ನಷ್ಟು ಚೆನ್ನಾಗಿ ಓಡೋನು ಈ ನಾಲ್ಕು ತಾಲ್ಲೂಕಲ್ಲಿ ಇನ್ನೊಬ್ಬ ಇಲ್ಲ. ಇದ್ದರೂ ನನಗೆ ಗೊತ್ತಿಲ್ಲ, ಅವನು ಮುಂದೆ ಹೋಗಿಬಿಟ್ಟಿರ್ತಾನೆ.

ವರ್ಷಕ್ಕೊಂದು ಸಲ ನಮ್ಮ ಕಡೆ ರಿಲೇ ಓಟ ನಡೆಯುತ್ತೆ. ಮಾಗಡಿಯಲ್ಲಿ ಶುರು, ಬಿಡದಿ, ರಾಮನಗರ, ಕನಕಪುರ ಸುತ್ತಿ ಚನ್ನಪಟ್ಟಣದಲ್ಲಿ ಮುಕ್ತಾಯ. ಒಬ್ಬ ಓಡಿ ಬಂದು ಕೈಯಲ್ಲಿರೋ ಕೋಲನ್ನು ಮುಂದಿನವನಿಗೆ ದಾಟಿಸಬೇಕು. ನಮ್ಮ ತಂಡಕ್ಕೆ ನಾನೇ ಕ್ಯಾಪ್ಟನ್. ತಂಡದಲ್ಲಿ ಜನ ಬೇಕಾದಷ್ಟಿದ್ದಾರೆ, ಈ ಕಥೆಗೆ ಬೇಕಾದವರು ಇಬ್ಬರೇ. ಒಬ್ಬ ಬ್ಯಾಂಕ್ ಗುಮಾಸ್ತ, ಇನ್ನೊಬ್ಬ ಅಕ್ಕೂರಿನ ರೇಷ್ಮೆ ರೈತ.

ಕಲ್ಯದ ಬಸ್ಸು

ನನ್ನ ಹೆಂಡತಿಯ ತವರು ಮಾಗಡಿ ಹತ್ತಿರದ ಕಲ್ಯ. ಅತ್ತೆ ಮನೆಗೆ ಹೋದರೂ ನಾನು ಓಟ ಬಿಡಲ್ಲ. ಒಂದು ಬೆಳಿಗ್ಗೆ ಮಾಗಡಿ ಕಡೆ ಓಡ್ತಾ ಇದ್ದೆ. ಹಿಂದಿನಿಂದ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ನಾನು ಮುಂದೆ ಓಡಿದೆ. ಬಸ್ಸೂ ಮುಂದೆ ಬಂದು ಮತ್ತೆ ನಿಂತಿತು.

“ಹತ್ತಣ್ಣ, ನಿಂಗೋಸ್ಕರಾನೇ ನಿಲ್ಲಿಸಿವ್ನಿ” ಅಂದ ಡ್ರೈವರು.

“ಬ್ಯಾಡಪ್ಪ, ನಾನು ಸುಮ್ನೆ ಓಡ್ತಾ ಇದೀನಿ.”

“ಸುಮ್ನೆ ಯಾರಾದ್ರೂ ಓಡ್ತಾರಾ?” ಅಂದಳು ಕಿಟಕೀಲಿ ಕೂತಿದ್ದ ಒಬ್ಬ ಅಜ್ಜಿ. ನಮ್ಮತ್ತೆಯ ಪಕ್ಕದ ಮನೆಯವಳು. ನನ್ನ ಮುಖ ನೋಡಿದ್ದೇ ಇಡೀ ಬಸ್ಸಿಗೆ ಸಾರಿದಳು. “ಅಳಿಯಂದ್ರು ಜಗಳ ಆಡ್ಕಂಡು ಮನೆ ಬುಟ್ಟು ಹೊಂಟವ್ರೆ ಕಣ್ರಪ್ಪ. ಒಸಿ ಹತ್ತಿಸ್ಕಳಿ.”

ಇಬ್ಬರು ಇಳಿದು ಬಂದರು. ಎರಡು ರಟ್ಟೆ ಹಿಡಿದು ಎತ್ತಿ ಹಾಕಿದರು. ಮಾಗಡಿ ಬರೋವರೆಗೂ ಬುದ್ಧಿ ಹೇಳಿದರು. ಸಂಸಾರ ಅಂದ ಮೇಲೆ ಒಂದು ಮಾತು ಬರುತ್ತೆ, ಒಂದು ಹೋಗುತ್ತೆ, ಹಿಂಗೆ ಚಡ್ಡೀಲೇ ಹೊರಟುಬಿಡಬಾರದು ಅಂತ. ಇಳಿದು ಫೋನು ನೋಡಿದೆ. ಓಟ ಅಳೆಯೋ ಆ್ಯಪನ್ನು ನಿಲ್ಲಿಸಿರಲಿಲ್ಲ. “ಅಭಿನಂದನೆಗಳು, ಇದು ನಿಮ್ಮ ಜೀವಮಾನದ ಅತಿ ವೇಗದ ಓಟ” ಅಂತ ಬಂದಿತ್ತು. ನಾನೂ ಅಳಿಸೋಕೆ ಹೋಗಲಿಲ್ಲ.

ಬಿಡದಿಯ ಬೆಣ್ಣೆ

ಇದು ಹೋದ ವರ್ಷದ ರಿಲೇದು. ನಮ್ಮ ಗುಮಾಸ್ತ ಬಿಡದಿಯಿಂದ ಓಡಬೇಕಿತ್ತು. ಆಳು ಉದ್ದ, ಕಾಲು ಉದ್ದ, ಹಸಿವು ಇನ್ನೂ ಉದ್ದ. ಕೋಲು ಬರೋಕೆ ಹೊತ್ತಿದೆ ಅಂತ ತಟ್ಟೆ ಇಡ್ಲಿ ಹೋಟೆಲಿಗೆ ನುಗ್ಗಿದ್ದಾನೆ. ಬಿಡದಿ ಇಡ್ಲಿ ಗೊತ್ತಲ್ಲ, ತಟ್ಟೆಯಗಲ ಒಂದೇ ಇಡ್ಲಿ, ಮೇಲೆ ಬೆಣ್ಣೆ. ಎಷ್ಟು ತಿಂದನೋ, ಕೇಳಿದರೆ ಹೋಟೆಲಿನವರೂ ಬಾಯಿ ಬಿಡಲಿಲ್ಲ. ಕೋಲು ಈಸಿಕೊಂಡು ಎರಡು ತಿರುವು ಓಡಿ ಮೋರಿ ಕಟ್ಟೆ ಮೇಲೆ ಕೂತ. ಅಲ್ಲಿಂದ ನನಗೆ ಫೋನು.

“ಅಣ್ಣ, ಕಾಲು ರೆಡಿ ಅವೆ. ಹೊಟ್ಟೆ ಬರಾಕಿಲ್ಲ ಅಂತೈತೆ.”

ಓಟ ನಡೆಸೋ ಯಜಮಾನರು ಮಿಲಿಟರಿಯಲ್ಲಿದ್ದು ಬಂದವರು. ಕೊರಳಲ್ಲಿ ಯಾವಾಗಲೂ ಸೀಟಿ. ನಾನು ಅಲ್ಲಿಗೆ ಹೋಗೋ ಹೊತ್ತಿಗೆ ಅವರ ಜೀಪು ಬಂದು ನಿಂತಿತ್ತು. “ನಿಮ್ಮ ತಂಡ ಔಟ್. ಮುಂದಿನ ಸಲಾನೂ ಹೊತ್ತಿನೊಳಗೆ ಮುಗಿಸದಿದ್ರೆ ನಿಮಗಿನ್ನು ಈ ಓಟದಲ್ಲಿ ಜಾಗ ಇಲ್ಲ” ಅಂದರು. ನಗಬೇಡಿ, ಬೆಳಿಗ್ಗೆ ಎದ್ದು ಓಡೋಕೆ ನನಗಿರೋ ನೆಪ ಇದೊಂದೇ. ಇದೂ ಹೋದರೆ ನಾನು ಮತ್ತೆ ಕೂತಲ್ಲೇ ಕೊಳೆಯೋನು. ನಿಜವಾಗಲೂ ಹೆದರಿಕೆ ಆಯ್ತು.

ಅಷ್ಟರಲ್ಲಿ ಗುಮಾಸ್ತ ಎದ್ದು ಜೀಪಿನ ಹತ್ತಿರ ಬಂದು ಕೈ ಮುಗಿದ. ತಪ್ಪಾಯ್ತು ಅಂತಾನೆ, ಯಜಮಾನರು ಕರಗ್ತಾರೆ ಅಂತ ನಾನು ಕಾದೆ.

“ಸಾ, ಹೆಂಗೂ ಜೀಪು ಬಿಡದಿ ಮೇಲೆ ಹೋಯ್ತದಲ್ಲ, ಒಸಿ ಹೋಟ್ಲು ತಾವ ನಿಲ್ಸಿ. ಇನ್ನೊಂದು ಟೋಕನ್ ಉಳ್ಕಂಡೈತೆ.”

ಲಟ್ಟಣಿಗೆ ಪಂಚಾಯ್ತಿ

ಈ ವರ್ಷ ನಾನು ಬಿಗಿ ಮಾಡಿದೆ. ಗುಮಾಸ್ತನನ್ನು ಮೊದಲನೇ ಪಾಳಿಗೆ ಹಾಕಿದೆ, ಹೋಟೆಲು ಬಾಗಿಲು ತೆಗೆಯೋ ಮುಂಚೆ ಓಡಿ ಮುಗಿಸಲಿ ಅಂತ. ಪಕ್ಕದ ಹಳ್ಳಿ ಬೀದೀಲಿ ಕೋಲು ದಾಟಿಸೋ ಅಭ್ಯಾಸವೂ ಶುರುವಾಯ್ತು. ಕೋಲಿರಲಿಲ್ಲ, ಮನೆಯಿಂದ ಲಟ್ಟಣಿಗೆ ತಗೊಂಡು ಬಂದೆ. ಗುಮಾಸ್ತ ಮುಂದೆ ಓಡೋದು, ನಾನು ಹಿಂದಿನಿಂದ “ತಗಳ್ಲಾ, ತಗಳ್ಲಾ” ಅಂತ ಕೂಗ್ತಾ ಲಟ್ಟಣಿಗೆ ಚಾಚೋದು.

ಎರಡನೇ ಸುತ್ತಿಗೆ ಅರಳಿಕಟ್ಟೆ ಮೇಲಿದ್ದ ಹಿರಿಯರು ಎದ್ದು ಬಂದು ನನ್ನ ಸೊಂಟ ತಬ್ಬಿಕೊಂಡರು. ಲಟ್ಟಣಿಗೆ ಕಿತ್ತುಕೊಂಡರು. ನಮ್ಮಿಬ್ಬರನ್ನೂ ಕಟ್ಟೆ ಮೇಲೆ ಕೂರಿಸಿ, ಮಜ್ಜಿಗೆ ತರಿಸಿ, ನ್ಯಾಯ ಶುರು ಮಾಡಿದರು.

“ಅಣ್ಣತಮ್ಮಂದಿರು ಬೀದೀಲಿ ಹಿಂಗೆ ಮಾಡಬಾರ್ದು ಕಣ್ರಪ್ಪ. ಜಮೀನು ಎಷ್ಟೈತೆ?”

“ನಾವು ಅಣ್ಣತಮ್ಮ ಅಲ್ಲ. ಜಮೀನೂ ಇಲ್ಲ” ಅಂದೆ. “ಓಟಕ್ಕೆ ಅಭ್ಯಾಸ ಮಾಡ್ತಿದೀವಿ. ನಾನು ಇದನ್ನ ಅವನಿಗೆ ಕೊಡೋದು, ಅವನು ಈಸ್ಕೊಂಡು ಓಡೋದು.”

ಹಿರಿಯರಲ್ಲಿ ಒಬ್ಬರು ಲಟ್ಟಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿ ಬೈದರು. “ಅಲ್ಲ ಕಣ್ಲಾ, ಅವ್ನು ಕೊಡ್ತೀನಿ ಅಂತ ಅಷ್ಟು ಬಡ್ಕತಾವ್ನೆ, ನಿಂತು ಈಸ್ಕಳಕ್ಕೆ ನಿನಗೇನ್ಲಾ ರೋಗ?”

ಹುಳ ಹಣ್ಣಾದ ದಿನ

ಕೊನೆಗೆ ಓಟದ ದಿನ ಬಂತು. ಗುಮಾಸ್ತ ಹಸಿದ ಹೊಟ್ಟೇಲಿ ಗಾಳಿ ಹಾಗೆ ಓಡಿದ. ಎಲ್ಲರೂ ಚೆನ್ನಾಗಿ ಓಡಿದರು. ಕನಕಪುರ ದಾಟಿದ ಮೇಲೆ ಕೋಲು ನನ್ನ ಕೈಗೆ ಬಂತು. ಅಕ್ಕೂರಿನವರೆಗೆ ನಾನು, ಅಲ್ಲಿಂದ ಚನ್ನಪಟ್ಟಣಕ್ಕೆ ನಮ್ಮ ರೇಷ್ಮೆ ರೈತ. ಅಕ್ಕೂರು ಮುಟ್ಟಿದಾಗ ನಾವೇ ಮುಂದೆ. ಹಿಂದೆ ತಿರುಗಿದರೆ ಯಾರೂ ಕಾಣಲ್ಲ. ನಾನು ಆಗಲೇ ಹೇಳಿದೆನಲ್ಲ, ನನ್ನಷ್ಟು ಚೆನ್ನಾಗಿ ಓಡೋನು ಇಲ್ಲ ಅಂತ.

ಆದರೆ ಅಕ್ಕೂರಲ್ಲಿ ರೈತನೇ ಇಲ್ಲ. ರಸ್ತೆ ಪಕ್ಕದಲ್ಲೇ ಅವನ ಹುಳುಮನೆ. ಓಡಿ ಹೋಗಿ ಇಣುಕಿದೆ. ಟೀ ಶರ್ಟು, ಶೂ, ಎಲ್ಲಾ ಹಾಕಿಕೊಂಡು ಸಿದ್ಧವಾಗಿದ್ದಾನೆ, ಎರಡು ಕೈ ತುಂಬ ರೇಷ್ಮೆ ಹುಳ. “ಹಣ್ಣಾಗ್ಬುಟ್ಟವೆ ಕಣಣ್ಣ” ಅಂದ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸೊಪ್ಪು ತಿಂದು ಬೆಳೆದ ಹುಳ ಒಂದು ದಿನ ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ಜಾಗ ಹುಡುಕುತ್ತೆ, ಅದೇ ಹಣ್ಣಾಗೋದು. ಎಲ್ಲಾ ಒಟ್ಟಿಗೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಅನ್ನೋ ಬಿದಿರ ತಟ್ಟಿಗೆ ಬಿಡಬೇಕು. ತಡವಾದರೆ ಬೆಳೆ ಹಾಳು. ಅದಕ್ಕೇ ನಮ್ಮ ಕಡೆ ಹುಳ ಹಣ್ಣಾಗೈತೆ ಅಂದರೆ, ಮಾತು ಬಿಟ್ಟವರೂ ಬಂದು ಕೈ ಹಾಕ್ತಾರೆ.

“ಓಟ ಕಣ್ಲಾ, ತಂಡ ಹೋಯ್ತದೆ” ಅಂದೆ. ಅವನ ತಾಯಿ ನನ್ನನ್ನು ನೋಡಿದರು. “ನಿನ್ನ ಕೈಗೇನಾಗೈತಪ್ಪ?” ಅಂದರು. ನಾನು ಕೋಲನ್ನು ಚಂದ್ರಿಕೆ ಮೇಲಿಟ್ಟು, ಕೈ ತೊಳೆದು, ಹುಳ ಆರಿಸೋಕೆ ನಿಂತೆ.

ಸ್ವಲ್ಪ ಹೊತ್ತಿಗೆ ಕನಕಪುರದ ತಂಡದವನು ಓಡಿ ಬಂದ. ಆ ತಾಯಿ ಬಾಗಿಲಿಗೆ ಹೋಗಿ ಹುಳ ಹಣ್ಣಾಗೈತೆ ಅಂದರು, ಅಷ್ಟೇ. ಅವನೂ ಒಳಗೆ ಬಂದ. ಅವನಿಗಾಗಿ ಕಾಯ್ತಿದ್ದವನೂ ಬಂದ. ಮಾಗಡಿಯವರೂ ಬಂದರು. ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೋಲು ತಗೊಂಡು ಹೊರಟರು, ನಮ್ಮ ರೈತನೂ. ನಾನು ರೈತನ ಬೈಕು ಹತ್ತಿ ಮೊದಲೇ ಚನ್ನಪಟ್ಟಣ ಸೇರಿದೆ.

ಮಿಕ್ಕ ತಂಡದವರೆಲ್ಲಾ ಓಡಿ ಬಂದು ಗೆರೆ ದಾಟಿದರು. ನಮ್ಮವನೊಬ್ಬನೇ ಬರಲಿಲ್ಲ. ಯಜಮಾನರು ಗಡಿಯಾರ ನೋಡ್ತಾ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ತಿರುವಲ್ಲಿ ಕಂಡ. ಕೋಲನ್ನು ಎರಡು ಕೈಯಲ್ಲಿ ನೆಟ್ಟಗೆ ಹಿಡಿದು, ಕಳಸ ಹೊತ್ತವನ ಹಾಗೆ ಹೆಜ್ಜೆ ನೋಡಿ ಹೆಜ್ಜೆ ಇಡ್ತಾ ಬರ್ತಿದ್ದಾನೆ.

“ಓಡ್ಲಾ” ಅಂತ ಅರಚಿದೆ.

“ಆಗಲ್ಲ ಕಣಣ್ಣ. ಕೋಲು ಪೊಳ್ಳು. ಒಳಗೊಂದು ಹುಳ ಸೇರ್ಕಂಡು ಗೂಡು ಕಟ್ತಾ ಐತೆ. ಅಲ್ಲಾಡಿಸಂಗಿಲ್ಲ.”

ಅವನು ಗೆರೆ ದಾಟೋ ಹೊತ್ತಿಗೆ ವೇಳೆ ಮೀರಿಹೋಗಿತ್ತು. ನಾನು ತಲೆ ಹಿಡಿದು ನೆಲಕ್ಕೆ ಕೂತೆ. ಯಜಮಾನರು ಬಂದರು, ಕೋಲು ಈಸಿಕೊಂಡು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಅವರದೂ ರೇಷ್ಮೆ ಬೆಳೆಯೋ ಮನೆ. ಸೀಟಿ ಬಾಯಿಂದ ಜಾರಿತು.

“ಎಲ್ಲಾ ಒಂದೇ ಸಲಕ್ಕೆ ಹಣ್ಣಾದ್ವಾ?”

“ಒಂದೇ ಸಲಕ್ಕೆ ಸಾ.”

“ಆಳು ಸಿಕ್ಕಿದ್ರಾ?”

“ಇವ್ರೆಲ್ಲಾ ಬಂದಿದ್ರು” ಅಂದ ರೈತ, ಗೆರೆಯಾಚೆ ನಿಂತಿದ್ದ ಎಲ್ಲಾ ತಂಡದವರ ಕಡೆ ಕೈ ತೋರಿಸಿ.

ಯಜಮಾನರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಕೋಲನ್ನು ಅಲ್ಲಾಡಿಸದೆ ವಾಪಸು ಅವನ ಕೈಗಿಟ್ಟು ನನ್ನ ಕಡೆ ತಿರುಗಿದರು. “ಏಳಯ್ಯ ಕ್ಯಾಪ್ಟನ್, ಎದ್ದು ಅವರಮ್ಮನಿಗೆ ಫೋನ್ ಮಾಡು. ಮುಂದಿನ ವರ್ಷದ ಓಟ ಯಾವತ್ತು ಇಟ್ಕೊಂಡ್ರೆ ಅವರಿಗೆ ಅನುಕೂಲ ಅಂತ ಕೇಳು.”