ಡ್ಯಾಮಿನ ದಾರಿಯಲ್ಲಿ ನನ್ನ ಮುಂದಾಳತ್ವ

ನನಗೆ ಚಳಿ ಆಗುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಗಂಡಸನ್ನು ದಯವಿಟ್ಟು ನಂಬಬೇಡಿ. ನಾನು ಮಾಸ್ತರನಾಗಿರುವ ಶಹಾಪುರದ ಶಾಲೆಯಲ್ಲಿ ಆ ಮಾತು ಹೇಳಿದವನು ನಾನೇ ಆದ್ದರಿಂದ ಅನುಭವದಿಂದ ಹೇಳುತ್ತಿದ್ದೇನೆ. ನಮ್ಮದು ಬಿಸಿಲಿನ ಸೀಮೆ. ವರ್ಷವಿಡೀ ಸೂರ್ಯನನ್ನು ಬೈಯುವ ನಮಗೆ ಚಳಿಯೆಂದರೆ ಬೇರೆ ಜಿಲ್ಲೆಯವರ ತೊಂದರೆ. ಆದರೆ ಕಾಲುವೆ ಬಂದು, ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ನೀರಿನ ಹಿಂದೆಯೇ ಚಳಿಯೂ ಬಂದು ನೆಲೆಸಿದೆ. ಇದು ನನಗೆ ತಿಳಿದದ್ದು ಬೈಕ್ ಹತ್ತಿದ ಮೇಲೆ.

ಒಂದು ಭಾನುವಾರ ನಸುಕಿನಲ್ಲಿ ಹೊರಟು ನಾರಾಯಣಪುರದ ಡ್ಯಾಮು ನೋಡಿ ಬರುವುದೆಂದು ತೀರ್ಮಾನವಾಯಿತು. ಯೋಜನೆ ನನ್ನದು, ಮುಂದಾಳತ್ವವೂ ನನ್ನದೇ. ಜೊತೆಗೆ ಡ್ರಿಲ್ ಮಾಸ್ತರ ಮಲ್ಲಣ್ಣ ಮತ್ತು ಕನ್ನಡ ಕಲಿಸುವ ಮಹಾದೇವಿ ಟೀಚರ್. ಟೀಚರಿಗೆ ಐವತ್ತು ದಾಟಿದೆ, ಸ್ಕೂಟಿ ಕಲಿತು ಆರು ತಿಂಗಳಾಗಿದೆ ಅಷ್ಟೇ. "ಭಾಳ ದೂರ ಆಗ್ತದ್ರಿ ಟೀಚರ್, ಮಲ್ಲಣ್ಣನ ಹಿಂದ ಕುಂದರ್ರಿ" ಎಂದೆ. "ನಾ ಯಾರ ಹಿಂದೂ ಕುಂದರಾಂಗಿಲ್ರಿ ಸರ್. ನನ್ನ ಗಾಡಿ ಮ್ಯಾಲೇ ಬರ್ತೀನಿ" ಎಂದರು. ಹತ್ತಿಗೂಡೂರು ಬರುವಷ್ಟರಲ್ಲಿ ವಾಪಸ್ ಹೋಗುತ್ತಾರೆ ಎಂದು ಮಲ್ಲಣ್ಣನ ಕಿವಿಯಲ್ಲಿ ಹೇಳಿದೆ.

ಹತ್ತಿಗೂಡೂರು ಬರುವಷ್ಟರಲ್ಲಿ ವಾಪಸ್ ಹೋಗಬೇಕೆನಿಸಿದ್ದು ನನಗೆ. ಗದ್ದೆಗಳ ಮೇಲಿನ ಮಂಜು ರಸ್ತೆಗೆ ಬಂದು ನಿಂತಿತ್ತು. ಹೆಂಡತಿ ಸ್ವೆಟರ್ ಹಿಡಿದು ಬಾಗಿಲವರೆಗೂ ಬಂದಿದ್ದಳು, ನಾನು ನಕ್ಕು ಬೇಡವೆಂದಿದ್ದೆ. ಈಗ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬಲಗೈ ಇನ್ನೂ ನನ್ನದೇ ಎಂದು ಆಗಾಗ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಟೀಚರ್ ಹಿಂದೆ ಬಿದ್ದರೆ ಅವರ ನೆಪದಲ್ಲಿ ತಿರುಗಬಹುದಿತ್ತು. ಪ್ರತಿ ಊರು ಬಂದಾಗಲೂ ಕನ್ನಡಿ ನೋಡುತ್ತಿದ್ದೆ. ಸ್ಕೂಟಿಯ ದೀಪ ಮಾತ್ರ ಅಷ್ಟೇ ದೂರದಲ್ಲಿ, ಒಂದೇ ಸಮನೆ ಬರುತ್ತಿತ್ತು.

ಸುರಪುರದಲ್ಲಿ ಚಹಾಕ್ಕೆ ನಿಂತೆವು. "ಟೀಚರ್, ನಿಮಗ ಥಂಡಿ ತಡೀದಿದ್ರ ಹೊಳ್ಳಿ ಹೋಗೂಣ್ರಿ, ನಮ್ದೇನಿಲ್ಲ" ಎಂದೆ. ನನ್ನ ಕೈಯಲ್ಲಿದ್ದ ಲೋಟದಿಂದ ಚಹಾ ತುಳುಕಿ ಚಪ್ಪಲಿಯ ಮೇಲೆ ಬೀಳುತ್ತಿದ್ದುದನ್ನು ಅವರು ನೋಡಿದರು, ಆದರೆ ನಗಲಿಲ್ಲ.

"ನಮ್ಮಪ್ಪ ಈ ಕಾಲುವಿ ಕಡೀಲಾಕ ಹೋಗ್ತಿದ್ದರಿ ಸರ್. ಬುಟ್ಟಿಲೆ ಮಣ್ಣು ಹೊತ್ತಾನ. ಇದ್ರಾಗ ನೀರು ಹರಿಯೂದು ನೋಡ್ಲಿಲ್ಲ, ಅದರ ಮದ್ಲೇ ತೀರ್ಕೊಂಡ. ಆ ನೀರು ಎಲ್ಲಿಂದ ಹೊರಡ್ತದ ಅಂತ ನಾನರ ನೋಡ್ಬೇಕ್ರಿ. ನೀವು ಹೊಳ್ಳಿ ಹೋಗ್ರಿ, ನಾ ನೋಡ್ಕೊಂಡು ಬರ್ತೀನಿ."

ಮಲ್ಲಣ್ಣ ಹೋಗಿ ಬೈಕ್ ಚಾಲೂ ಮಾಡಿದ. ನಾನು ಚಹಾದಂಗಡಿಯವನಿಂದ ಹಳೆಯ ಪೇಪರ್ ಕೇಳಿ ಪಡೆದು ಅಂಗಿಯೊಳಗೆ ತುರುಕಿಕೊಂಡೆ. ಅಲ್ಲಿಂದ ಮುಂದೆ ಸ್ಕೂಟಿ ಮುಂದಿತ್ತು, ನಾವಿಬ್ಬರೂ ಅದರ ಹಿಂದೆ. ಹುಣಸಗಿ ದಾಟುವ ಹೊತ್ತಿಗೆ ಬಿಸಿಲು ಬಂತು. ನನ್ನ ಮೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಡ್ಯಾಮಿನ ಹತ್ತಿರ, ಕಾಲುವೆ ಹೊರಡುವ ಜಾಗದಲ್ಲಿ ಟೀಚರ್ ಬಹಳ ಹೊತ್ತು ನಿಂತರು. ಆಮೇಲೆ ಮೆಟ್ಟಿಲಿಳಿದು, ಎರಡೂ ಕೈ ನೀರಿನಲ್ಲಿ ಅದ್ದಿ ಮುಖಕ್ಕೆ ಸವರಿಕೊಂಡರು. "ಭಾಳ ಥಂಡಿ ಅದರಿ" ಎಂದಷ್ಟೇ ಹೇಳಿದರು. ಅಂಥ ಹೊತ್ತಿನಲ್ಲಿ ಮುಂದಾಳಾಗಿ ನಾನೂ ಏನಾದರೂ ತೂಕದ ಮಾತಾಡಬೇಕು ಎನಿಸಿತು. ಅದಕ್ಕೆ ಮೊದಲು ಹೆಲ್ಮೆಟ್ ತೆಗೆಯಬೇಕಿತ್ತಲ್ಲ. ಸೆಟೆದ ಬೆರಳುಗಳಿಗೆ ಅದರ ಪಟ್ಟಿ ಬಿಚ್ಚಲು ಬರಲಿಲ್ಲ. ಮಲ್ಲಣ್ಣ ಅತ್ತ ತಿರುಗಿ ನಿಂತ, ಅವನ ಹೆಗಲು ಕುಲುಕುತ್ತಿತ್ತು. ಟೀಚರ್ ಸೆರಗಿಗೆ ಕೈ ಒರೆಸಿಕೊಂಡು ಬಂದು, "ಗದ್ದ ಮ್ಯಾಲೆತ್ರಿ ಸರ್" ಎಂದರು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಅಲುಗಾಡಬೇಡಿ ಎನ್ನುತ್ತ ಬಂದ ನಾನು, ಅಲುಗಾಡದೆ ನಿಂತು ಗದ್ದ ಎತ್ತಿದೆ.